ನಾಲ್ಕನೇ ಕಲ್ಲು: ಉಳ್ಳಾಲದ ಒಂದು ಜಾಗ, ಮೈಸೂರಿನ ಒಂದು ಮನೆ

ಕಳೆದ ವರ್ಷ ಫೆಬ್ರುವರಿಯಲ್ಲಿ ಭಾವ ಫೋನ್ ಮಾಡಿದರು. "ಉಳ್ಳಾಲದಲ್ಲಿ ಒಂದು ಜಾಗ ನೋಡಿದೀನಿ ಕಣಯ್ಯ. ಮನೆ ಜಗಲಿ ಮೇಲೆ ಕೂತ್ರೆ ಸಮುದ್ರ ಕಾಣುತ್ತೆ. ಮುಂಗಡ ಕೊಡೋಕೆ ಮುಂಚೆ ನೀನೂ ಒಂದ್ಸಲ ಬಂದು ನೋಡು" ಅಂದರು.

ಅಕ್ಕ, ಭಾವ ಇರುವುದು ಮೈಸೂರಿನ ಶ್ರೀರಾಂಪುರದಲ್ಲಿ, 30-40 ಸೈಟಿನ ಸ್ವಂತ ಮನೆ. ಭಾವ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಬ್ಬಳೇ ಮಗಳು. ಮಂಗಳೂರಿನ ಪಕ್ಕದ ಉಳ್ಳಾಲಕ್ಕೆ ಹತ್ತಿರ, ದೇರಳಕಟ್ಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿ ಅಲ್ಲೇ ನೆಲೆಯಾಗಿದ್ದಾಳೆ, ಎರಡು ವರ್ಷದ ಮಗು ಇದೆ. ರಾತ್ರಿ ಪಾಳಿ ಬಂದರೆ ಮಗು ನೋಡಿಕೊಳ್ಳುವವರಿಲ್ಲ. ಅಕ್ಕ ಮೈಸೂರಿನಿಂದ ಮಡಿಕೇರಿ, ಸಂಪಾಜೆ ಘಾಟಿ, ಪುತ್ತೂರು ದಾಟಿ ಬಸ್ಸಿನಲ್ಲಿ ಹೋಗಿ ಬಂದು ಸುಸ್ತಾಗಿದ್ದರು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಅದೇ ದಾರಿ ವಾರಗಟ್ಟಲೆ ಮುಚ್ಚಿದ್ದು ಅವರಿಗೆ ಇನ್ನೂ ನೆನಪಿದೆ. ಮೈಸೂರಿನ ಮನೆಯನ್ನು ಮಾರಿ ಮಗಳ ಹತ್ತಿರವೇ ಇದ್ದುಬಿಡೋಣ ಅನ್ನುವುದು ಸುಮ್ನೆ ಬಂದ ಆಸೆಯಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ಹುಟ್ಟಿದ್ದು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ನಮ್ಮ ಕಡೆ ನೀರು ಅಂದರೆ ತೂಬು ಎತ್ತಿದಾಗ ಬರುವುದು, ಇಳಿಸಿದಾಗ ನಿಲ್ಲುವುದು. ಕಡಲನ್ನು ಪ್ರವಾಸದಲ್ಲಿ ನೋಡಿದ್ದೆನೇ ಹೊರತು, ಅದರ ಪಕ್ಕ ಬಾಳುವುದು ಅಂದರೆ ಏನು ಅಂತ ಯೋಚಿಸಿದವನಲ್ಲ. ಆ ಜಾಗದ ವಿಷಯ ಇತ್ಯರ್ಥವಾಗಲು ಏಳೆಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಂಡದ್ದು, ಕಲಿತದ್ದು ಇಲ್ಲಿದೆ. ನಮ್ಮ ಕಡೆಯಿಂದ ಕರಾವಳಿಗೆ ಹೋಗಿ ನೆಲೆಸುವ ಯೋಚನೆ ಇರುವ ಮನೆಗಳು ಇನ್ನೂ ಇವೆ, ಅವರಿಗೂ ಬೇಕಾಗಬಹುದು.

ಮೊದಲ ಸಲ ಹೋದಾಗ

ಜಾಗ ನಿಜವಾಗಿಯೂ ಚೆನ್ನಾಗಿತ್ತು. ತೆಂಗಿನ ಮರಗಳು, ಹಂಚಿನ ಹಳೆ ಮನೆ, ಕೆಂಪು ಮುರಕಲ್ಲಿನ ಕಟ್ಟೆ ಇರುವ ಬಾವಿ, ಆಚೆಗೆ ಗಾಳಿಮರದ ಸಾಲು, ಅದರಾಚೆ ನೀರು. ಫೆಬ್ರುವರಿಯ ಕಡಲು ಕೆರೆಯ ಹಾಗೆ ತಣ್ಣಗಿತ್ತು. ಬ್ರೋಕರ್ ಜೊತೆಗಿದ್ದರು. ಕಾಗದದಲ್ಲಿ 18 ಸೆಂಟ್ಸ್ ಅಂದರು.

ಈ 'ಸೆಂಟ್ಸ್' ಭಾವನಿಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಹೊಲಕ್ಕೆ ಗುಂಟೆ, ಮನೆಗೆ 30-40, 40-60. ಎಕರೆಗೆ 100 ಸೆಂಟ್ಸ್, ಅಂದರೆ ಒಂದು ಗುಂಟೆಗೆ ಎರಡೂವರೆ. ಒಂದು ಸೆಂಟ್ಸ್ ಸುಮಾರು 435 ಚದರಡಿ. ನಮ್ಮ 30-40 ಸೈಟು ಅಲ್ಲಿನ ಲೆಕ್ಕದಲ್ಲಿ ಮೂರು ಸೆಂಟ್ಸ್ ಕೂಡ ಇಲ್ಲ, ಎರಡೂ ಮುಕ್ಕಾಲು ಸೆಂಟ್ಸ್ ಅಷ್ಟೇ. 18 ಸೆಂಟ್ಸ್ ಅಂದರೆ ಆರು ಸೈಟಿಗಿಂತ ಜಾಸ್ತಿ. ಶ್ರೀರಾಂಪುರದ ಒಂದು ಸೈಟು ಮಾರಿ ಇಲ್ಲಿ ಆರು ಸೈಟಿನಷ್ಟು ನೆಲ! ಭಾವನ ಮುಖ ಅರಳಿತು. ನನಗೂ ಆ ಹೊತ್ತಿಗೆ ಖುಷಿಯೇ ಆಯಿತು.

ಅಳತೆಯಲ್ಲೇ ಇತಿಹಾಸ ಇದೆ ಅಂತ ಆಮೇಲೆ ಹೊಳೆಯಿತು. 1763ರ ಸುಮಾರಿಗೆ ಹೈದರಾಲಿಯ ಕೈಗೆ ಬಂದ ಈ ಕರಾವಳಿ, 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರದಾಯಿತು. ನಮ್ಮ ಮೈಸೂರು ಒಡೆಯರ ಪಾಲಿಗೆ ಬಂತು, ದಕ್ಷಿಣ ಕನ್ನಡ ಮದ್ರಾಸಿನವರ ಆಡಳಿತಕ್ಕೆ ಹೋಯಿತು. 1956ರ ನವೆಂಬರ್ 1ರವರೆಗೂ ಹಾಗೇ ಇತ್ತು. ಅದಕ್ಕೇ ತಮಿಳುನಾಡು, ಕೇರಳದ ಹಾಗೆ ಅಲ್ಲಿಯೂ ಸೆಂಟ್ಸ್. ಒಂದೇ ರಾಜ್ಯ, ಒಂದೇ ಭಾಷೆಯ ಕಾಗದ, ಆದರೂ ನೆಲವನ್ನು ನೋಡುವ ಕಣ್ಣು ಬೇರೆ.

ಭಾವ ವರ್ಕ್‌ಶಾಪಿನ ಮನುಷ್ಯ. ಕಾಗದ ನೋಡಿ ತೃಪ್ತಿಪಡುವವರಲ್ಲ, ಕೈಯಲ್ಲಿ ಟೇಪು ಹಿಡಿದೇ ಹೋಗುತ್ತಾರೆ. ಗಡಿಕಲ್ಲು ಹುಡುಕಿದರು. ರಸ್ತೆ ಕಡೆಯ ಎರಡು ಕಲ್ಲು ಸಿಕ್ಕವು. ಕಡಲಿನ ಕಡೆ ಒಂದು ಕಲ್ಲು ಮರಳಿನಲ್ಲಿ ವಾಲಿಕೊಂಡು ನಿಂತಿತ್ತು. ನಾಲ್ಕನೆಯದು ಇಲ್ಲ. ನಕ್ಷೆ ಹಿಡಿದು ಹೆಜ್ಜೆ ಅಳೆಯುತ್ತಾ ಹೋದರು. ಅಲೆ ಬಂದು ಚಪ್ಪಲಿ ನೆನೆದ ಮೇಲೆ ನಿಂತರು. ಲೆಕ್ಕದ ಪ್ರಕಾರ ಕಲ್ಲು ಇನ್ನೂ ಮುಂದೆ ಇರಬೇಕಿತ್ತು.

ಬ್ರೋಕರ್, "ಮರಳಿನಲ್ಲಿ ಮುಚ್ಚಿ ಹೋಗಿರ್ತದೆ ಸಾರ್" ಅಂದರು. ಮನೆಯ ಯಜಮಾನಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ಮೊರ, ಅಲ್ಲಿ ಅದಕ್ಕೆ ತಡ್ಪೆ ಅನ್ನುತ್ತಾರೆ. ಎಲೆ, ಹೊಗೆಸೊಪ್ಪು, ನೂಲು ಎಲ್ಲ ಅದರಲ್ಲೇ. ಆಕೆ ತಲೆ ಎತ್ತದೆ ಹೇಳಿದರು: "ಈಗ ಏನೂ ಗೊತ್ತಾಗುದಿಲ್ಲ ನಿಮಗೆ. ಒಮ್ಮೆ ಆಟಿಯಲ್ಲಿ ಬಂದು ನೋಡಿ. ಮತ್ತೆ ಹಣ ಕೊಡಿ."

ಆಟಿ ಅಂದರೆ ನಮ್ಮ ಆಷಾಢದ ಹೊತ್ತಿನ ತುಳು ತಿಂಗಳು, ಮಳೆಯ ಜೋರು ಕಾಲ. ಮಾರುವವರೇ ಹೀಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಆ ಮಾತಿಲ್ಲದಿದ್ದರೆ ಭಾವ ಆ ವಾರವೇ ಅಗ್ರಿಮೆಂಟ್ ಮಾಡಿಕೊಳ್ಳುತ್ತಿದ್ದರು. ಮುಂಗಡ ಅಂತ 50 ಸಾವಿರ ಮಾತ್ರ ಕೊಟ್ಟು, ಮಳೆಗಾಲದವರೆಗೆ ಕಾಯೋಣ ಅಂತ ಮಾತಾಯಿತು.

ಊರಿನ ಇ.ಸಿ.

ಸೈಟು ಕೊಳ್ಳುವಾಗ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸುತ್ತೇವೆ. ಯಾರಿಂದ ಯಾರಿಗೆ ಹೋಯಿತು, ಮೇಲೆ ಸಾಲ ಇದೆಯಾ, ಎಲ್ಲ ಅದರಲ್ಲಿ ಬರುತ್ತದೆ. ಊರಿಗೂ ಹಾಗೆ ಒಂದನ್ನು ತೆಗೆಸಬೇಕು ಅಂತ ನನಗೆ ಅನ್ನಿಸಿತು. ಆ ಐದು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದೆ. ಸೋದರ ಸೊಸೆಯ ಮನೆಗೆ ಹೋದಾಗಲೆಲ್ಲ ಸುತ್ತಾಡಿದೆ.

ಉಳ್ಳಾಲ ಈಗ ಮಂಗಳೂರಿನ ಹೊರವಲಯ. ನೇತ್ರಾವತಿಯ ದಕ್ಷಿಣ ದಡದಲ್ಲಿದೆ. ಬೆಳಿಗ್ಗೆ ತೊಕ್ಕೊಟ್ಟಿನಲ್ಲಿ ನಿಂತರೆ ಬಸ್ಸುಗಳೆಲ್ಲ ಸೇತುವೆ ದಾಟಿ ಪೇಟೆಗೆ ಓಡುತ್ತವೆ. 2011ರ ಜನಗಣತಿಯಲ್ಲಿ ಸುಮಾರು 53 ಸಾವಿರ ಜನ. ಪುರಸಭೆ ಇದ್ದದ್ದು ನಗರಸಭೆಯಾಗಿದೆ, ಊರಿನ ಹೆಸರಿನಲ್ಲೇ ತಾಲ್ಲೂಕೂ ಆಗಿದೆ. ಆದರೆ ಇದು ಪೇಟೆ ಬೆಳೆದು ಹುಟ್ಟಿದ ಬಡಾವಣೆ ಅಲ್ಲ. 16ನೇ ಶತಮಾನದಲ್ಲಿ ಇದು ಮಂಗಳೂರಿಗೆ ಸರಿಸಮನಾಗಿ ನಿಂತ ಬಂದರು. ಮೂಡುಬಿದಿರೆ ಹತ್ತಿರದ ಪುತ್ತಿಗೆಯಿಂದ ಆಳುತ್ತಿದ್ದ ಚೌಟರು ಇಲ್ಲಿಂದ ಕಡಲ ವ್ಯಾಪಾರ ನಡೆಸುತ್ತಿದ್ದರು. ಕರಿಮೆಣಸು, ಅಕ್ಕಿ ಅರಬರ ನಾಡಿಗೆ ಹೋಗುತ್ತಿತ್ತು. ಗೋವೆಯಲ್ಲಿ ಕೂತ ಪೋರ್ಚುಗೀಸರು ಕಪ್ಪ ಕೇಳಿದರು. ರಾಣಿ ಅಬ್ಬಕ್ಕ ಕೊಡಲಿಲ್ಲ. 1555ರಲ್ಲಿ ಪೋರ್ಚುಗೀಸರು ದಾಳಿ ಮಾಡಿದರು, 1568ರಲ್ಲಿ ಮತ್ತೆ ಬಂದರು. ಆಳುವ ಹಕ್ಕು ಹೆಣ್ಣಿನ ಕಡೆಯಿಂದ ಬರುವ ಅಳಿಯಸಂತಾನದ ಮನೆತನ ಅದು. ಅಬ್ಬಕ್ಕ ಅನ್ನುವ ಹೆಸರಿನವರು ಆ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇದ್ದರು ಅನ್ನುತ್ತಾರೆ ಇತಿಹಾಸಕಾರರು. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿ ಬರೆದಿಟ್ಟಿದ್ದಾನೆ. ರಾಣಿ ಬರಿಗಾಲಿನಲ್ಲಿ ನಡೆದು ಬಂದಿದ್ದರು. ನನಗೆ ಯುದ್ಧದ ಕಥೆಗಳಿಗಿಂತ ಈ ಬರಿಗಾಲು ಜಾಸ್ತಿ ಮನಸ್ಸಿನಲ್ಲಿ ಉಳಿಯಿತು. ಆ ನೆಲವನ್ನು ಪಾದದಿಂದ ಬಲ್ಲವರು ಆಳುತ್ತಿದ್ದರು ಅಲ್ವಾ? ಈಗ ಕರಾವಳಿ ಕಾವಲು ಪಡೆಯ ಒಂದು ಹಡಗಿಗೆ ರಾಣಿ ಅಬ್ಬಕ್ಕನ ಹೆಸರಿದೆ. 2012ರಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ್ದು.

ಹಡಗು ದೊಡ್ಡದಾಯಿತು, ರಾಜರು ಹೋದರು. 1907ರಲ್ಲಿ ಮದ್ರಾಸಿನ ಕಡೆಯಿಂದ ರೈಲು ನೇತ್ರಾವತಿ ದಾಟಿ ಮಂಗಳೂರು ಮುಟ್ಟಿತು. ನದಿ ದಡದ ಜೇಡಿಮಣ್ಣು ಹಂಚಿನ ಕಾರ್ಖಾನೆಗಳಿಗೆ ಹೋಯಿತು. ದೋಣಿಯಲ್ಲಿ ದಾಟುತ್ತಿದ್ದ ಹೊಳೆಗೆ ರಸ್ತೆ ಸೇತುವೆ ಬಂದ ಮೇಲಂತೂ ಉಳ್ಳಾಲ ಪೇಟೆಯ ಅಂಗಳವಾಗಿಬಿಟ್ಟಿತು.

ಆದರೂ ಊರಿಗೆ ತನ್ನದೇ ಗುಣ ಉಳಿದಿದೆ. ಸೋಮೇಶ್ವರದ ದೇವಸ್ಥಾನ ಕಡಲಿನ ಬಂಡೆಯ ಮೇಲೇ ಇದೆ. ಸೈಯದ್ ಮದನಿ ದರ್ಗಾದ ಉರೂಸ್ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಭಗವತಿಯ ಕ್ಷೇತ್ರ ಇದೆ, ಇಗರ್ಜಿ ಇದೆ. ಒಂದೇ ಮೀನಿನ ಅಂಗಡಿಯ ಮುಂದೆ ತುಳು, ಬ್ಯಾರಿ, ಮಲಯಾಳಂ, ಕೊಂಕಣಿ ಕೇಳಿಬರುತ್ತವೆ. ನಮ್ಮ ಜೊತೆ ಮಾತ್ರ ಪುಸ್ತಕದಂಥ ಕನ್ನಡ. ಉಳ್ಳಾಲದ ಸಂಶೋಧನಾ ಕೇಂದ್ರ ಹೊರತಂದ ಗೇರು ತಳಿಗಳಿಗೆ ಉಳ್ಳಾಲ-1, ಉಳ್ಳಾಲ-2 ಎಂದೇ ಹೆಸರು. ಒಳಗಡೆ ಗುಡ್ಡದ ಮೇಲೆ ಕೊಣಾಜೆ. ಅಲ್ಲಿನ ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ, 1968ರಿಂದ, ಅದು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಮಾನಸಗಂಗೋತ್ರಿಯ ತಂಗಿಯ ಹಾಗೆ ಮಂಗಳಗಂಗೋತ್ರಿ. ಎಸ್.ವಿ. ಪರಮೇಶ್ವರ ಭಟ್ಟರಂಥ ಮೇಷ್ಟ್ರು ಮೈಸೂರಿನಿಂದ ಹೋಗಿ ಅದನ್ನು ಕಟ್ಟಿದರು. ಇದನ್ನು ಹೇಳಿದಾಗ ಅಕ್ಕನಿಗೆ ಧೈರ್ಯ ಬಂತು. "ಹಾಗಾದ್ರೆ ನಮ್ಮೋರು ಹೋಗಿ ಬಾಳಿದ ಊರೇ ಬಿಡು" ಅಂದರು.

ಮೈಸೂರಿನ ಬಡಾವಣೆಗಳ ಹುಟ್ಟೇ ಬೇರೆ. 1890ರ ದಶಕದ ಕೊನೆಗೆ ಪ್ಲೇಗ್ ಬಂತು. 1903ರಲ್ಲಿ ನಗರ ಅಭಿವೃದ್ಧಿ ಟ್ರಸ್ಟ್ ಬೋರ್ಡ್ ಹುಟ್ಟಿತು. ಮೊದಲು ಕಾಗದದ ಮೇಲೆ ಗೆರೆ, ಆಮೇಲೆ ರಸ್ತೆ, ಆಮೇಲೆ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ, ಕಡೆಗೆ ಜನ. ನಮಗೆ ಗೆರೆಯ ಮೇಲೆ ನಂಬಿಕೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಊರಿನಲ್ಲಿ ಹಾಕಿದ ಕಲ್ಲು ಮೊಮ್ಮಗನ ಕಾಲಕ್ಕೂ ಅಲ್ಲೇ ಇರುತ್ತದೆ. ಉಳ್ಳಾಲದಲ್ಲಿ ಮೊದಲು ಜನ, ಆಮೇಲೆ ಗೆರೆ. ಆ ಗೆರೆಯನ್ನು ಕಡಲು ಒಪ್ಪಬೇಕು.

ಮರಳಿನ ಲೆಕ್ಕ

ಈ ಪ್ರಕರಣದ ಗಂಟು ಇಲ್ಲೇ ಇರುವುದು.

ನೇತ್ರಾವತಿ ಪಶ್ಚಿಮ ಘಟ್ಟದಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುತ್ತದೆ. ಕಡಲು ಸೇರುವ ಕಡೆ ಉತ್ತರದಿಂದ ಬಂದ ಗುರುಪುರ ಹೊಳೆಯೂ ಸೇರುತ್ತದೆ. ಎರಡೂ ಒಂದೇ ಬಾಯಿಂದ ಸಮುದ್ರಕ್ಕೆ ಹೋಗುತ್ತವೆ. ಅದನ್ನು ಅಳಿವೆಬಾಗಿಲು ಅನ್ನುತ್ತಾರೆ. ಬಾಗಿಲಿನ ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ. ಎರಡೂ ಹೊಳೆ ಮತ್ತು ಕಡಲು ಸೇರಿ ಎಳೆದಿಟ್ಟ ಮರಳಿನ ನಾಲಗೆಗಳು.

ಮರಳು ಸುಮ್ಮನೆ ಕೂರುವುದಿಲ್ಲ. ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನು ಎಳೆದು ಸ್ವಲ್ಪ ಒಳಗೆ ನೀರಿನಡಿ ದಿಬ್ಬ ಮಾಡುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆ ಅದನ್ನೇ ನಿಧಾನವಾಗಿ ವಾಪಸ್ ತಂದು ಹಾಕುತ್ತದೆ. ಜೊತೆಗೆ ದಡದುದ್ದಕ್ಕೂ ಮರಳು ಆಚೆ ಈಚೆ ಸರಿಯುತ್ತಿರುತ್ತದೆ. ಹೊಳೆ ಪ್ರತಿ ವರ್ಷ ಹೊಸದನ್ನು ಕೊಡುತ್ತದೆ. ಕೊಟ್ಟು ತೆಗೆದುಕೊಂಡು ನಡೆಯುವ ಲೆಕ್ಕ ಇದು. ಇದು ಸರಿಯಾಗಿದ್ದಷ್ಟು ಕಾಲ ಜೂನ್‌ನಲ್ಲಿ ಹೋದ ಅಂಗಳ ಜನವರಿಗೆ ಹಿಂದೆ ಬರುತ್ತದೆ. ಆ ಜಾಗದ ಹಳಬರಿಗೆ ಇದು ಗೊತ್ತಿತ್ತು. ಅದಕ್ಕೇ ಹಳೆ ಮನೆಗಳು ಕಡಲಿಗೆ ಬೆನ್ನು ಹಾಕಿ, ದೂರದಲ್ಲಿ ಇರುತ್ತಿದ್ದವು.

1990ರ ದಶಕದಲ್ಲಿ ಅಳಿವೆಬಾಗಿಲಿನ ಎರಡೂ ಕಡೆ ಕಲ್ಲಿನ ತಡೆದಂಡೆ ಕಟ್ಟಿದರು. ಹಳೆ ಬಂದರಿಗೆ ಹೋಗಿ ಬರುವ ಮೀನಿನ ದೋಣಿಗಳು ಬಾಗಿಲಿನಲ್ಲಿ ಮಗುಚಬಾರದು ಅಂತ. ಬೇಕಾದ ಕೆಲಸವೇ ಅದು. ಆದರೆ ದಂಡೆ ಮರಳಿನ ಓಡಾಟಕ್ಕೂ ಅಡ್ಡ ಬಂತು. ಹೊಳೆಯ ಮರಳು ದಡಕ್ಕೆ ಹರಡುವ ಬದಲು ಆಳಕ್ಕೆ ಹೋಗತೊಡಗಿತು. ಮೇಲುಗಡೆ ಹೊಳೆಯಿಂದ ಮನೆ ಕಟ್ಟಲು ಮರಳು ಎತ್ತುವುದೂ ಜಾಸ್ತಿಯಾಯಿತು. ಕೊಡುವುದು ಕಡಿಮೆಯಾಗಿ, ತೆಗೆದುಕೊಳ್ಳುವುದು ಹಾಗೇ ಉಳಿಯಿತು. ಉಳ್ಳಾಲದ ಕಡಲ್ಕೊರೆತ ವರ್ಷಾವರ್ಷ ಪತ್ರಿಕೆಯಲ್ಲಿ ಬರುವ ಸುದ್ದಿಯಾಯಿತು.

ಲಾರಿಗಟ್ಟಲೆ ಕಲ್ಲು ತಂದು ಸುರಿದರು. ಕಲ್ಲಿನ ಗೋಡೆಗೆ ಅಲೆ ಬಡಿದು ಹಿಂದೆ ಹೋಗುವಾಗ ಬುಡದ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಕಲ್ಲು ಕುಸಿಯುತ್ತದೆ. ಗೋಡೆ ಮುಗಿದ ಕಡೆಯ ಮನೆಗೆ ಏಟು ಜಾಸ್ತಿ. ಆಮೇಲೆ 2010ರಲ್ಲಿ ಮಂಜೂರಾದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ದೊಡ್ಡ ಯೋಜನೆ ಬಂತು. ಅಲೆಯ ಜೋರನ್ನು ದೂರದಲ್ಲೇ ಮುರಿಯಲು ನೀರಿನಡಿ ಮರಳು ತುಂಬಿದ ದೊಡ್ಡ ಚೀಲಗಳ ದಿಬ್ಬ, ದಡದಲ್ಲಿ ಕಲ್ಲಿನ ದಂಡೆಗಳು. ಉಳ್ಳಾಲದ ಕೆಲವು ಕಡೆ ಇದರಿಂದ ದಡಕ್ಕೆ ಉಸಿರು ಬಂದಿದೆ. ಆದರೆ ಈಗ ಕೊರೆತದ ಸುದ್ದಿ ದಕ್ಷಿಣಕ್ಕೆ ಸರಿದು, ಸೋಮೇಶ್ವರ, ಉಚ್ಚಿಲದ ಕಡೆಯಿಂದ ಬರುತ್ತದೆ. ಭಾವ ನೋಡಿದ ಜಾಗ ಈ ನಡುವಿನ ಪಟ್ಟಿಯಲ್ಲೇ ಇತ್ತು.

ಆಟಿಯಲ್ಲಿ

ಜುಲೈ ಕೊನೆಯ ವಾರ ಮೂವರೂ ಹೋದೆವು. ಮೈಸೂರಿನಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಮಳೆ ಬಂದರೆ ಒಳ್ಳೆಯ ವರ್ಷ. ಮಂಗಳೂರಿನಲ್ಲಿ ಅದು 3,500 ದಾಟುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂಕಿ ಪಾಠ ಮಾಡುವುದು ಬೇರೆ, ಅದರಡಿ ನಿಲ್ಲುವುದು ಬೇರೆ.

ಗಾಳಿಮರದ ಸಾಲಿನಲ್ಲಿ ಮೊದಲ ಸಾಲು ಬಿದ್ದಿತ್ತು. ಎರಡು ತೆಂಗು ಬೇರು ಸಮೇತ ಮಲಗಿದ್ದವು. ಫೆಬ್ರುವರಿಯಲ್ಲಿ ನಾವು ಓಡಾಡಿದ ಇಳಿಜಾರು ಮರಳು ಇರಲಿಲ್ಲ, ಅಲ್ಲಿ ಎದೆಯೆತ್ತರದ ಕಡಿದಾದ ಅಂಚು. ಪ್ರತಿ ಅಲೆಗೂ ನೆಲ ನಡುಗುವುದು ಕಾಲಿಗೆ ಗೊತ್ತಾಗುತ್ತಿತ್ತು. ವಾಲಿಕೊಂಡಿದ್ದ ಮೂರನೇ ಕಲ್ಲು ಅಂಚಿಗೆ ಒಂದು ಮಾರು ದೂರದಲ್ಲಿತ್ತು. ಬಾವಿಯ ನೀರು ಬಾಯಿಗೆ ಹಾಕಿದರೆ ಉಪ್ಪು.

ಖಾಸಗಿ ಸರ್ವೆಯರ್ ಒಬ್ಬರನ್ನು ಕರೆಸಿ ಅಳೆಸಿದೆವು. ನಿಂತ ನೆಲ 11 ಸೆಂಟ್ಸ್ ಚಿಲ್ಲರೆ. ಉಳಿದ ಸುಮಾರು ಏಳು ಸೆಂಟ್ಸ್ ಕಾಗದದಲ್ಲಿ ಇದೆ, ನೀರಿನಲ್ಲಿ ಇದೆ. ಅದಕ್ಕೂ ಇ.ಸಿ. ಬರುತ್ತದೆ, ತಕರಾರೇ ಇಲ್ಲದ ಇ.ಸಿ. ಕಡಲು ನೋಂದಣಿ ಕಚೇರಿಗೆ ಹೋಗಿ ಬರೆಸುವುದಿಲ್ಲವಲ್ಲ.

ಉಳಿದ 11ರ ಮೇಲಾದರೂ ಮನೆ ಕಟ್ಟಬಹುದೇ? ಇಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ, ಸಿ.ಆರ್.ಝಡ್. ಅನ್ನುತ್ತಾರಲ್ಲ, ಅದು. 1991ರಿಂದ ಇದೆ, ಆಮೇಲೆ 2011, 2019ರಲ್ಲಿ ಬದಲಾಯಿತು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ನಿರ್ಬಂಧ. ಊರಾಡಳಿತದ ಒಳಗೆ ಆಗಲೇ ಮನೆಗಳು ಎದ್ದಿರುವ ಕಡೆಯಾದರೆ, ಮೊದಲಿನಿಂದ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದಿಂದ ಒಳಗಡೆಗೆ ಮಾತ್ರ ಹೊಸ ಮನೆ. ಈ ಜಾಗ ರಸ್ತೆಯ ಕಡಲಿನ ಮಗ್ಗುಲಲ್ಲಿತ್ತು. ಹಳೆ ಮನೆಯೊಂದೇ ಆಧಾರ, ಅದರ ಮುಂದಕ್ಕೆ ಒಂದು ಗೋಡೆಯೂ ಏಳುವ ಹಾಗಿಲ್ಲ. ಬ್ರೋಕರ್ ಇದನ್ನು ಫೆಬ್ರುವರಿಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು. ನಾವು ತಪ್ಪಿಸಿಕೊಂಡೆವು. ಬೆಂಗಳೂರು, ಮೈಸೂರಿನಿಂದ ಒಂದು ಭಾನುವಾರ ಬಂದು ಬೇಸಿಗೆಯ ಕಡಲು ನೋಡಿ ದುಡ್ಡು ಕೊಟ್ಟು ಹೋಗುವವರು ತಪ್ಪಿಸಿಕೊಳ್ಳುವುದಿಲ್ಲ.

ಭಾವ ಅಂಚಿನಲ್ಲಿ ತುಂಬಾ ಹೊತ್ತು ನಿಂತಿದ್ದರು. ಆಮೇಲೆ ಆ ಅಮ್ಮನ ಹತ್ತಿರ ಹೋಗಿ, "ನೀವು ಹೇಳಿದ್ದು ಒಳ್ಳೇದಾಯ್ತಮ್ಮ. ನಮಗೆ ಆಗಲ್ಲ" ಅಂದರು.

"ಗೊತ್ತಿತ್ತು. ನಿಮ್ಮದು ಇಡೀ ಬದುಕಿನ ದುಡ್ಡು ಅಲ್ವಾ ಮಾರಾಯ್ರೆ" ಅಂದು ಒಳಗಿಂದ 50 ಸಾವಿರ ತಂದು ಕೊಟ್ಟರು. ಅದನ್ನು ಬ್ಯಾಂಕಿಗೂ ಹಾಕದೆ ಹಾಗೇ ಕವರಿನಲ್ಲಿ ಇಟ್ಟಿದ್ದರು. ಅಕ್ಕ ಅಳುವುದಕ್ಕೇ ಶುರು ಮಾಡಿದರು. ಮಾರಿ ಬಂದ ಹಣದಲ್ಲಿ ಅವರೂ ಒಳಗಡೆ ಎಲ್ಲಾದರೂ ನಾಲ್ಕು ಸೆಂಟ್ಸ್ ತೆಗೆದುಕೊಳ್ಳಬೇಕು ಅಂತಿದ್ದರು. ಅವರ ಮಾವನ ಕಾಲದಲ್ಲಿ ಮನೆಯ ಮುಂದೆ ಇನ್ನೊಂದು ಮನೆ, ಅದರಾಚೆ ಬಲೆ ಒಣಗಿಸುವ ಬಯಲು ಇತ್ತಂತೆ. ಈ ಪ್ರಕರಣವನ್ನು ಅವರ ಕಡೆಯಿಂದ ಬರೆದರೆ ಬೇರೆಯದೇ ಆಗುತ್ತದೆ. ನಮಗೆ ವಾಪಸ್ ಹೋಗಲು ಶ್ರೀರಾಂಪುರ ಇತ್ತು.

ಏನು ಮಾಡಿದೆವು

ಮೈಸೂರಿನ ಮನೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟರು. ಆ ದುಡ್ಡಿನಲ್ಲೇ ದೇರಳಕಟ್ಟೆಗೆ ಹತ್ತಿರ, ಕುತ್ತಾರಿನ ಕಡೆ ಗುಡ್ಡದ ಮೇಲೆ ಒಂದು ಬಾಡಿಗೆ ಮನೆ ಹಿಡಿದರು. ಮುರಕಲ್ಲಿನ ಗಟ್ಟಿ ನೆಲ, ಬಾವಿಯಲ್ಲಿ ಸಿಹಿ ನೀರು. ಮಗಳ ಮನೆಗೆ ಬಸ್ಸಿನಲ್ಲಿ ಹತ್ತು ನಿಮಿಷ. ಕಡಲು ಕಾಣುವುದಿಲ್ಲ, ಗಾಳಿ ಬೀಸಿದ ರಾತ್ರಿ ಸದ್ದು ಮಾತ್ರ ಕೇಳುತ್ತದೆ.

ಕೊಳ್ಳುವ ಮುಂಚೆ ಬಾಡಿಗೆಗೆ ಇದ್ದು ನೋಡಿ ಅಂತ ನಾನೇ ಹಟ ಹಿಡಿದೆ. ಭಾವನಿಗೆ ಮೊದಲು ಬೇಸರವಾಯಿತು. ಸ್ವಂತ ಮನೆಯಲ್ಲಿ ಬಾಳಿದವರಿಗೆ ಅರವತ್ತರ ಮೇಲೆ ಬಾಡಿಗೆ ಅಂದರೆ ಕಷ್ಟವೇ. ಈಗ ಒಗ್ಗಿದ್ದಾರೆ. ಅಕ್ಕ ಕುಚ್ಚಲಕ್ಕಿ ಗಂಜಿಗೆ ಒಗ್ಗಿಲ್ಲ, ಮೈಸೂರಿನಿಂದ ರಾಗಿ ಹಿಟ್ಟು ತರಿಸುತ್ತಾರೆ. ಮಗು ಮನೆಯೊಳಗೆ ಕನ್ನಡ, ಹೊರಗೆ ತುಳು ಮಾತಾಡುತ್ತದೆ.

ಆ ಜಾಗ ಇನ್ನೂ ಮಾರಾಟವಾಗಿಲ್ಲ. ಭಾವ ತಿಂಗಳಿಗೊಮ್ಮೆ ಹೋಗಿ ಆ ಅಮ್ಮನ ಜಗಲಿಯಲ್ಲಿ ಕೂತು ಬರುತ್ತಾರೆ. ಹೋದಾಗ ಟೇಪು ಹಿಡಿದು ರಸ್ತೆ ಕಡೆಯ ಕಲ್ಲಿನಿಂದ ಅಂಚಿನವರೆಗೆ ಅಳೆದು, ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಡಿಸೆಂಬರ್‌ನಲ್ಲಿ ಸ್ವಲ್ಪ ಮರಳು ವಾಪಸ್ ಬಂದಿತ್ತು. ಬಾಡಿಗೆ ಕರಾರು 11 ತಿಂಗಳದ್ದು. ಮುಗಿದರೆ ಇನ್ನೊಂದು ಸಲ ಮಾಡಿಸೋಣ, ಇನ್ನೊಂದು ಮಳೆಗಾಲ ನೋಡಿ ಆಮೇಲೆ ಗುಡ್ಡದ ಕಡೆ ಸೈಟಿನ ಮಾತು ಅಂತ ಅಕ್ಕ ಹೇಳಿದ್ದಾರೆ. ಆ ಅಮ್ಮನಿಗೂ ಅಲ್ಲೇ ಎಲ್ಲಾದರೂ ನಾಲ್ಕು ಸೆಂಟ್ಸ್ ಸಿಗುತ್ತದಾ ಅಂತ ಭಾವ ವಿಚಾರಿಸುತ್ತಿದ್ದಾರೆ.